ತಮ್ಮನ ಮದುವೆಗೆ ಒಂಬತ್ತು ದಿನ

೨೦೧೭ರ ನವೆಂಬರ್ ಎಂಟು. ದಾವಣಗೆರೆಯಲ್ಲಿ ಬೆಳಿಗ್ಗೆಯಿಂದ ಮೋಡ.

ಲಾರಿ ಡ್ರೈವರ್ ಕೊಟ್ರೇಶಿಯನ್ನು ಮದುವೆಯಾಗಿ ನೇಪಾಳದಿಂದ ಬಂದಿದ್ದ ಮಾಯಕ್ಕನಿಗೆ ಭಾರತದ ಪೌರತ್ವ ಸಿಕ್ಕಿತ್ತು. ಪಾಸ್‌ಪೋರ್ಟ್ ಮಾತ್ರ ಬಂದಿರಲಿಲ್ಲ. ತವರಿನಲ್ಲಿ ತಮ್ಮನ ಮದುವೆಗೆ ಇನ್ನು ಒಂಬತ್ತೇ ದಿನ. ಕೂತಲ್ಲಿ ಕೂರಲಾರದೆ ಅವಳು ದಿನಕ್ಕೆ ಮೂರು ಸಲ ಏಜೆಂಟ್ ರುದ್ರೇಶಪ್ಪನ ಅಂಗಡಿಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಕಾಗದಪತ್ರವೆಲ್ಲ ಅವನ ಡ್ರಾಯರಿನಲ್ಲಿತ್ತು.

“ಇನ್ನೂ ಐದು ಸಾವಿರ ಕೊಡಮ್ಮ, ವಾರದಲ್ಲಿ ತರಿಸ್ತೀನಿ. ಇಲ್ಲಾಂದ್ರೆ ಮದುವೆ ಫೋಟೊ ನೋಡ್ಕೊಂಡು ಕೂತಿರು. ಪಾಸ್‌ಪೋರ್ಟ್ ಇಲ್ದೆ ಹೊರದೇಶಕ್ಕೆ ನೊಣಾನೂ ಹೋಗಲ್ಲ.”

ಮಾಯಕ್ಕ ಮೆಟ್ಟಿಲಿಳಿದಳು. ಮತ್ತೆ ಹತ್ತಿ ಬಂದಳು.

“ಹೋಗ್ಲಿ ಅಣ್ಣ. ನನ್ನ ವೋಟರ್ ಕಾರ್ಡಾದ್ರೂ ಕೊಡಿ. ಎಲೆಕ್ಷನ್ ಬರ್ತದೆ.”

“ತಗೊ ತಾಯಿ. ವೋಟು ಹಾಕೋದು ಬಿಟ್ರೆ ಅದು ಇನ್ಯಾತಕ್ಕೂ ಬರಲ್ಲ,” ಎಂದು ರುದ್ರೇಶಪ್ಪ ನಗುತ್ತ ಕಾರ್ಡನ್ನು ಮೇಜಿನ ಮೇಲೆಸೆದ.

ಅವಳು ಅಂದು ಸಂಜೆಯೇ ರೈಲು ಹತ್ತಿದಳು.

ತಿಂಗಳಾದ ಮೇಲೆ ಮದುವೆಯ ಸಿಹಿ ಹಿಡಿದು ಅಂಗಡಿಗೆ ಬಂದಳು. ರುದ್ರೇಶಪ್ಪ ಎದ್ದೇ ನಿಂತ.

“ಪಾಸ್‌ಪೋರ್ಟೇ ಬಂದಿಲ್ಲ, ಹೆಂಗಮ್ಮ ಹೋದೆ?”

“ಭಾರತದೋರು ನೇಪಾಳಕ್ಕೆ ಹೋಗೋಕೆ ವೋಟರ್ ಕಾರ್ಡ್ ಸಾಕಣ್ಣ. ನಮ್ಮ ಕಡೆ ಎಲ್ಲರಿಗೂ ಗೊತ್ತು.”

“ಅವತ್ತೇ ಹೇಳಬಾರ್ದಿತ್ತಾ?”

“ಹೇಳಿದ್ರೆ ಕಾರ್ಡಿಗೂ ರೇಟು ಹಾಕ್ತಿದ್ರಿ.”

ಅವಳು ಕೊಟ್ಟ ಸಿಹಿ ಅವನ ಕೈಯಲ್ಲೇ ಉಳಿಯಿತು. ಅವನಿಗೆ ಇನ್ನೂ ನಂಬಿಕೆ ಬರಲಿಲ್ಲ.

“ಗಡಿ ದಾಟೋಕೆ ಯಾರಿಗಾದ್ರೂ ದುಡ್ಡು ಕೊಟ್ಟೇ ಇರ್ತೀಯ. ನಿಜ ಹೇಳು, ಎಷ್ಟು ಕೊಟ್ಟೆ?”

“ಕೊಟ್ಟೆ. ನಲವತ್ತು ರೂಪಾಯಿ.”

“ಅಷ್ಟೇನಾ! ಯಾವ ಸಾಹೇಬ್ರಿಗೆ?”

“ಸೈಕಲ್ ರಿಕ್ಷಾದವನಿಗೆ. ಟ್ರಂಕು ಭಾರ ಇತ್ತು.”