ತಿರುಗಿ ಸುರಿಯದ ಎಣ್ಣೆ

ಹೊಳೆದಂಡೆಯ ಆ ಮಠಕ್ಕೆ ಗಂಧದ ವಾಸನೆ ಹುಡುಕಿಕೊಂಡು ಬಂದವರ ಮೂಗಿಗೆ ಮೊದಲು ಬಡಿಯುತ್ತಿದ್ದದ್ದು ಮಿರ್ಚಿ ಬಜ್ಜಿಯ ವಾಸನೆ.

ಸುತ್ತಲಿನ ಖಾನಾವಳಿಗಳು ಕರಿದು ಕರಿದು ಬಿಸಾಡುವ ಎಣ್ಣೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಅದನ್ನು ಸೋಸಿ, ಹದ ಮಾಡಿ, ಬೋಟಿನ ಎಂಜಿನ್ನಿಗೆ ಇಂಧನ ಮಾಡುತ್ತಿದ್ದರು. ಆಚೆ ದಂಡೆಯ ಊರಿಗೆ ಸೇತುವೆ ಇಲ್ಲ, ಆಸ್ಪತ್ರೆ ಇರುವುದು ಈಚೆ ದಂಡೆಯಲ್ಲಿ. ಮಠದ ಬೋಟೇ ಆ ಊರಿಗೆ ದಾರಿ.

ಸೋಸುವ ಕೆಲಸ ಶಿಷ್ಯ ಗದಿಗಯ್ಯನದು. ಅಜ್ಜಾರು ಅವನಿಗೆ ಕಲಿಸಿದ್ದು ಇಷ್ಟು:

"ಗಣಿಯಿಂದ ಬಂದ ಬಿಳಿ ಪುಡಿ ಎಣ್ಣ್ಯಾಗ ಕಲಸಿ ಅರಿವಿ ಮ್ಯಾಲ ಬಿಡು. ಸೋಸೂದು ಅರಿವಿ ಅಲ್ಲ, ಅದರ ಮ್ಯಾಲ ಕೂಡೂ ಪುಡಿ. ಅದು ಗಟ್ಟಿಯಾಗಿ ಕೂಡೂತನಕ ಎಣ್ಣಿ ರಾಡಿ ಬರತದ, ಪುಡೀನೂ ಕೆಳಗ ಇಳೀತದ. ಅದನ್ನ ತಿರುಗಿ ಮ್ಯಾಲ ಸುರಿ. ಗ್ಲಾಸಿನ್ಯಾಗ ಹಿಡಿದು ನೋಡು."

"ಎಷ್ಟು ಸಲ ಸುರೀಬೇಕ್ರಿ ಅಜ್ಜಾರ?"

"ತಿಳಿಯಾಗೂತನಕ."

ಗದಿಗಯ್ಯ ಪೂಜೆಯಲ್ಲಿ ಗಟ್ಟಿಗ. ಒಂದು ದಿನವೂ ಹೊತ್ತು ತಪ್ಪಿಸಿದವನಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಸೋಮವಾರ ಎರಡು ಸಲ ತಿರುಗಿ ಸುರಿದ. ಎಣ್ಣೆ ಇನ್ನೂ ರಾಡಿ. ಅಷ್ಟರಲ್ಲಿ ಪೂಜೆಯ ಹೊತ್ತಾಯಿತು. ಮೂರನೆಯ ಸಲ ಸುರಿಯದೆ ಸೋಸುವ ಪೀಪಾಯಿಯ ನಲ್ಲಿಯನ್ನು ಬೋಟಿನ ಎಣ್ಣೆಯ ಕ್ಯಾನಿನ ಕಡೆ ತಿರುಗಿಸಿ ಸ್ನಾನಕ್ಕೆ ಹೋದ.

"ತಿಳಿಯಾತೇನು?" ಎಂದು ಅಜ್ಜಾರು ಕೇಳಿದರು.

"ಆತ್ರಿ ಅಜ್ಜಾರ."

ಗುರುವಾರ ಮಧ್ಯಾಹ್ನ ಆಚೆ ಊರಿನ ಭರಮಪ್ಪನಿಗೆ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿತು. ಮಠದ ಬೋಟು ನಡೆಸುವ ಅಂಬಿಗರ ಹುಲಿಗೆಪ್ಪ ಅವನನ್ನೂ ಅವನ ಹೆಂಡತಿ ಶಾವಂತ್ರವ್ವನನ್ನೂ ಬೋಟಿಗೆ ಹತ್ತಿಸಿಕೊಂಡು ಹೊರಟ.

ನಡುಹೊಳೆಯಲ್ಲಿ ಎಂಜಿನ್ನು ನಿಂತಿತು.

ಹುಲಿಗೆಪ್ಪ ಹ್ಯಾಂಡಲ್ ತಿರುಗಿಸಿದ. ಅಂಗೈ ಸುಲಿದುಹೋಗುವವರೆಗೂ ತಿರುಗಿಸಿದ. ಬೋಟು ಹರಿವಿನ ಜೊತೆ ಕೆಳಗೆ ಕೆಳಗೆ ಹೋಯಿತು. ಅದು ದಂಡೆ ಮುಟ್ಟುವ ಹೊತ್ತಿಗೆ ಭರಮಪ್ಪ ಹೆಂಡತಿಯ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದ.

ಆಚೆ ಊರಿನವರು ಹುಲಿಗೆಪ್ಪನನ್ನು ಹಿಡಿದು ಹೊಡೆದರು. ಕುಡಿದಿದ್ದ ಅಂದರು. ಅವನು ಎಣ್ಣೆ ಕೆಟ್ಟಿತ್ತು ಅಂದ.

"ಕುಣೀಲಾರದಾಕಿ ನೆಲ ಡೊಂಕು ಅಂದಳಂತ. ಮಠದ ಎಣ್ಣಿ ಕೆಡತದೇನಲೇ?" ಎಂದು ಇನ್ನೆರಡು ಹಾಕಿದರು. ಇನ್ನು ಮುಂದೆ ಅವನು ಹೊಳೆಗೆ ಇಳಿಯಕೂಡದು ಎಂದು ಗೊತ್ತು ಮಾಡಿದರು. ಹೊಳೆ ಬಿಟ್ಟರೆ ಅವನಿಗೆ ಬೇರೆ ಬದುಕು ತಿಳಿಯದು.

ಈ ಸುದ್ದಿ ಗದಿಗಯ್ಯನ ಕಿವಿಗೂ ಬಿತ್ತು. ಅವನು ತುಟಿ ಬಿಚ್ಚಲಿಲ್ಲ. ಈ ಕಥೆ ಹೇಳುವಾಗ ಈಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಸತ್ತವನ ತಮ್ಮ ತೆಪ್ಪ ಹಾಕಿಕೊಂಡು ಬಂದ. ಹೂಳುವ ಮೊದಲು ಮಠದ ಅಯ್ಯನವರು ಬಂದು ಸತ್ತವನ ತಲೆಯ ಮೇಲೆ ಪಾದವಿಟ್ಟು ಕಳಿಸಿಕೊಡುವುದು ಅವರ ಪದ್ಧತಿ.

"ನಮ್ಮ ಅತ್ತಿಗಿ ಗದಿಗಯ್ಯನವರನ್ನಽ ಕರಕೊಂಡು ಬಾ ಅಂದಾಳ್ರಿ. ಅವರು ಭಾಳ ನಿಷ್ಠಾವಂತರು ಅಂತ," ಎಂದ ಅವನು.

ಗದಿಗಯ್ಯ ಅವನನ್ನು ದಂಡೆಯಲ್ಲೇ ಕೂರಿಸಿ ಅಜ್ಜಾರನ್ನು ಹುಡುಕಿಕೊಂಡು ಹೋದ.

ಅಜ್ಜಾರು ಬೋಟಿನಲ್ಲಿ ಕೂತು ಎಂಜಿನ್ನಿನ ಫಿಲ್ಟರ್ ಬಿಚ್ಚುತ್ತಿದ್ದರು. ಅದನ್ನು ಬೋಗುಣಿಯಲ್ಲಿ ಬೋರಲು ಹಾಕಿದಾಗ ಬೂದುಬಣ್ಣದ ಕೆಸರು ಬಿತ್ತು. ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಗಣಿಯ ಪುಡಿ.

"ಎಷ್ಟು ಸಲ ಸುರಿದಿ?"

"ಎರಡು ಸಲ್ರಿ. ಪೂಜಾಕ್ಕ ಹೊತ್ತಾಗಿತ್ತು."

"ಪೂಜಿ ಆತು?"

"ಆತ್ರಿ."

ಅಜ್ಜಾರು ಬೆರಳಿಗೆ ಹತ್ತಿದ ಕೆಸರನ್ನು ಬೋಗುಣಿಯ ಅಂಚಿಗೆ ಒರೆಸಿದರು. ಗದಿಗಯ್ಯನಿಗೆ ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಪ್ರಾಯಶ್ಚಿತ್ತ ಹೇಳ್ರಿ ಅಜ್ಜಾರ. ನಲವತ್ತು ದಿನ ಉಪವಾಸ ಕೂಡತೇನಿ."

"ನೀ ಉಪವಾಸ ಕೂತರ ಹುಲಿಗೆಪ್ಪನ ಮೈಮ್ಯಾಲಿನ ಬಾಸುಂಡಿ ಇಳೀತಾವೇನು?"

ಗದಿಗಯ್ಯ ಅಳತೊಡಗಿದ.

"ಆ ತಲೀ ಮ್ಯಾಲ ನಾ ಹೆಂಗ ಪಾದ ಇಡ್ಲಿ? ನೀವಽ ಹೋಗ್ರಿ ಅಜ್ಜಾರ."

"ನೀ ಆತು ಅಂದಿ, ನಾ ಗ್ಲಾಸು ಹಿಡಿದು ನೋಡಲಿಲ್ಲ. ನನ್ನ ಪಾಲಿನ ತಪ್ಪು ಹೇಳಾಕ ನಾ ಹುಲಿಗೆಪ್ಪನ ಮನೀಗೆ ಹೊಂಟೇನಿ. ಶಾವಂತ್ರವ್ವ ಕರದದ್ದು ನಿನ್ನ."

ಅಜ್ಜಾರು ಆ ಕೆಸರನ್ನು ಅರಿವೆಯ ತುಂಡಿನಲ್ಲಿ ಕಟ್ಟಿ, ಗಂಟನ್ನು ಅವನ ಅಂಗೈಯಲ್ಲಿಟ್ಟರು.

"ಇದನ್ನ ಏನು ಮಾಡ್ಲಿ?"

"ಆಕೀ ಮುಂದ ಬಿಚ್ಚು. ಇದು ಏನು, ಯಾರ ಕೈಯಿಂದ ಎಂಜಿನ್ನಿಗೆ ಹೋತು, ಊರೆಲ್ಲಾ ಕೇಳೂಹಂಗ ಹೇಳು."

"ಅವರು ನನ್ನ ಉಳಸೂದಿಲ್ರಿ."

ದಂಡೆಯಲ್ಲಿ ಸತ್ತವನ ತಮ್ಮ ಎದ್ದು ನಿಂತು ಇತ್ತಲೇ ನೋಡುತ್ತಿದ್ದ. ಅಜ್ಜಾರು ಶಿಷ್ಯನ ಬೆರಳುಗಳನ್ನು ಗಂಟಿನ ಮೇಲೆ ಮಡಚಿದರು.

"ಹೇಳಿ ಮುಗಿಸಿ, ಆಕೀ ಮುಖ ನೋಡಿಕೋತ ನಿಲ್ಲು. ಆಮ್ಯಾಲೂ ಆಕಿ ಪಾದ ಇಡ್ರಿ ಅಂದ್ರ, ಇಡು."