ಸೋರೆ ಹೂವಿನ ಒಳಗೋಡೆ

“ಗುರುಗಳೇ, ಕಲ್ಲಾದ ಮನಸ್ಸು ಪೂರ್ತಿ ಕರಗುವ ತನಕ ಕಾಯುವುದು ತಪ್ಪೇ?”

ಕೇಳಿದವನು ಸಾತಪ್ಪ. ಅಪ್ಪನ ಮೇಲಿನ ಸಿಟ್ಟಿನಲ್ಲಿ ಮನೆ ಬಿಟ್ಟು ಬಂದು ಮಠ ಸೇರಿದವನು. ತಾಯಿ ಸಾಯುವ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ, ಎಲ್ಲಿದ್ದನೆಂದು ಹೇಳಲೂ ಇಲ್ಲ. ಅದೇ ಆ ಸಿಟ್ಟಿನ ಬೇರು. ಈಗ ಅಪ್ಪ ಹಾಸಿಗೆ ಹಿಡಿದಿದ್ದಾನೆ, ಒಮ್ಮೆ ಮುಖ ತೋರಿಸಿ ಹೋಗಬೇಕಂತೆ ಎಂದು ನಿನ್ನೆ ಊರಿನಿಂದ ಹೇಳಿಕೆ ಬಂದಿತ್ತು. ಸಾತಪ್ಪ ಹೋಗಿರಲಿಲ್ಲ.

ಗುರು ಮುರಿಗೆಯ್ಯನವರಿಗೆ ಇದೆಲ್ಲ ಗೊತ್ತಿತ್ತು. ತೊಡೆಯ ಮೇಲಿನ ಬುಟ್ಟಿಯಲ್ಲಿ ಪೂಜೆಯ ಹೂ ಬಿಡಿಸುತ್ತಿದ್ದ ಕೈಯನ್ನು ಅವರು ನಿಲ್ಲಿಸಲಿಲ್ಲ.

“ಕೂತುಕೋ,” ಎಂದರು. “ಒಬ್ಬ ರೈತನ ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ತಂಬೂರಿಗೆ ಬೇಕಾಗುವ ಸೋರೆ ಬುರುಡೆ ಬೆಳೆಯುವುದು ಅವನ ಮನೆತನದ ಕೆಲಸ. ಅವನ ಬಳ್ಳಿಯ ಬುರುಡೆಯಿಂದ ಮಾಡಿದ ತಂಬೂರಿಯ ನಾದವೇ ಬೇರೆ ಎಂದು ಭಜನೆಯವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಶಿವನ ಹೆಸರು ಹಾಡುವುದಕ್ಕೆ ತನ್ನ ಹೊಲದ ಕಾಯಿ ಒದಗುತ್ತದಲ್ಲ ಎಂದು ರೈತನಿಗೆ ಹೆಮ್ಮೆ. ಮೊದಮೊದಲು ಅದು ಭಕ್ತಿಯೇ ಆಗಿತ್ತು.

ಊರಿನ ಬೇಲಿಗಳಲ್ಲಿ ಕಾಡು ಸೋರೆ ಹಬ್ಬಿತ್ತು. ಅದರ ಕಾಯಿ ಕಹಿ, ಬುರುಡೆ ತೆಳು. ಅದರ ಪರಾಗ ತಾಗಿದರೆ ಬೀಜ ಕೆಡುತ್ತದೆ, ಮುಂದಿನ ಬೆಳೆ ಕಹಿಯಾಗುತ್ತದೆ. ಆದ್ದರಿಂದ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೋರೆ ಹೂ ಅರಳುವುದು ಸಂಜೆ. ಅರಳುವ ಮೊದಲೇ ಹೆಣ್ಣು ಮೊಗ್ಗಿನ ಬಾಯಿಗೆ ದಾರ ಕಟ್ಟುವರು. ಹೊತ್ತು ಮುಳುಗುವಾಗ ದಾರ ಬಿಚ್ಚಿ, ತಮ್ಮದೇ ತಳಿಯ ಗಂಡು ಹೂ ತಂದು ಮುಟ್ಟಿಸಿ, ಮತ್ತೆ ಕಟ್ಟುವರು.

ಆ ವರ್ಷ ಬುಡ ಕೊಳೆಯುವ ರೋಗ ಬಂತು. ಬಳ್ಳಿಗಳು ಸತ್ತವು. ಮನೆಯಲ್ಲಿದ್ದ ಬೀಜವೆಲ್ಲ ಬಿತ್ತಿ ಮುಗಿದಿತ್ತು. ಉಳಿದದ್ದು ಒಂದೇ ಬಳ್ಳಿ. ಅದರಲ್ಲಿ ಒಂದೇ ಒಂದು ಹೆಣ್ಣು ಮೊಗ್ಗು. ಗಂಡು ಹೂ ಇಲ್ಲವೇ ಇಲ್ಲ.

ಪಕ್ಕದ ಊರಿನಲ್ಲಿ ಅವನ ತಂಗಿಯಿದ್ದಳು. ಮದುವೆಯಲ್ಲಿ ತವರಿನ ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದವಳು. ಅವಳ ಹಿತ್ತಲಲ್ಲೂ ಕೊನೆಯ ಒಂದು ಬಳ್ಳಿ ಒಣಗುತ್ತಿತ್ತು. ಅದರಲ್ಲಿದ್ದದ್ದು ಗಂಡು ಹೂಗಳು ಮಾತ್ರ. ಅಣ್ಣ ತಂಗಿಯರಿಗೆ ಮಾತಿರಲಿಲ್ಲ. ಅಣ್ಣನ ಮಗನ ಮದುವೆಯಲ್ಲಿ ಸೋದರತ್ತೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿಲ್ಲವೆಂದು ಅವಳು ಎಲೆಯ ಮುಂದಿನಿಂದ ಉಣ್ಣದೆ ಎದ್ದು ಹೋಗಿದ್ದಳು.

ಆದರೂ ಸುದ್ದಿ ಕೇಳಿ ಬಂದಳು. ಸಂಜೆ, ಸೆರಗಿನಲ್ಲಿ ಹೂಗಳನ್ನು ಸುತ್ತಿಕೊಂಡು, ಬೇಲಿಯ ಹೊರಗೆ ನಿಂತಳು. ರೈತ ಬಳ್ಳಿಯ ಹತ್ತಿರವೇ ಇದ್ದ. ಬಾ ಎನ್ನಲಿಲ್ಲ.

“ಮೊಗ್ಗಿಗೆ ದಾರ ಕಟ್ಟಿದ್ದೀಯ, ಸರಿ,” ಎಂದಳು ತಂಗಿ. “ಬಾಯಿಗೂ ಕಟ್ಟಿಕೊಂಡಿದ್ದೀಯೇನಣ್ಣಾ?”

“ಮೊದಲು ತಪ್ಪಾಯಿತು ಅನ್ನು.”

“ತಪ್ಪಾಯಿತು ಮಾರಾಯ. ಹಿಡಿ ಹೂವಾ, ಬಾಡ್ತಾ ಇದೆ.”

“ಹೀಗಲ್ಲ. ನೀನು ಎದ್ದು ಹೋದದ್ದು ನಾಲ್ಕು ಜನರ ಮುಂದೆ. ನಾಳೆ ಸಂಜೆ ನಾಲ್ಕು ಜನರನ್ನು ಕೂರಿಸುತ್ತೇನೆ. ಅವರ ಮುಂದೆ ಅನ್ನು.”

“ಅಲ್ಲಿ ತನಕ ಹೂ ಕಾಯುತ್ತದಾ?”

“ಕಾಯಿ ಆಗಲೇ ಕಾಣ್ತಾ ಇದೆ, ನೋಡು. ಎಲ್ಲಿಗೆ ಓಡಿಹೋಗುತ್ತೆ?”

ಸೋರೆಯ ಹೆಣ್ಣು ಮೊಗ್ಗಿನ ಹಿಂದೆ ಹೆಬ್ಬೆರಳಿನಷ್ಟು ಕಾಯಿ ಮೊದಲೇ ಇರುತ್ತದೆ. ಅದು ಬರಿಯ ಆಕಾರ. ಹುಟ್ಟಿದಂದಿನಿಂದ ಬಳ್ಳಿ ನೋಡಿದವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಅದು ಕಾಯಿಯಾಗಿಯೇ ಕಂಡಿತು.

ಇಲ್ಲಿ ಗುರುಗಳು ಬುಟ್ಟಿಯನ್ನು ಬದಿಗಿಟ್ಟರು.

“ಸಾತಪ್ಪಾ, ಹೆಣ್ಣು ಹೂವಿನ ಒಳಗೆ ಕಣ್ಣಿಗೆ ಕಾಣದ ಸಾವಿರಾರು ಕೋಣೆಗಳಿವೆ. ಒಂದೊಂದಕ್ಕೂ ಗೋಡೆಯಿದೆ. ಮೊಗ್ಗಿನಲ್ಲಿ ಆ ಗೋಡೆಗಳು ಬಿಗಿಯಾಗಿರುತ್ತವೆ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅರಳುವ ಹೊತ್ತಿಗೆ ಹೂವಿನ ನಡುವೆ ಅವು ತಾವಾಗಿ ಸಡಿಲಗೊಳ್ಳುತ್ತವೆ. ಗೋಡೆ ಗೋಡೆಯ ನಡುವೆ ಲೋಳೆ ತುಂಬುತ್ತದೆ. ಪರಾಗದ ಒಂದು ಕಣ ಬಂದು ಕೂತರೆ ಅದರಿಂದ ನೂಲಿನಂಥ ಎಳೆಯೊಂದು ಹೊರಟು, ಆ ಲೋಳೆಯ ದಾರಿಯಲ್ಲಿ ಇಳಿದು, ಕೆಳಗಿನ ಬೀಜದ ಮನೆ ಮುಟ್ಟುತ್ತದೆ. ಯಾವ ಕೋಣೆಯನ್ನೂ ಒಡೆಯುವುದಿಲ್ಲ. ಮುಟ್ಟಿದ ಮೇಲೆ ಕಾಯಿಯ ಗೋಡೆಗಳು ಹಿಗ್ಗುತ್ತವೆ, ಬಲಿಯುತ್ತವೆ, ಹೊರಗಿನವು ಕಟ್ಟಿಗೆಯಷ್ಟು ಗಟ್ಟಿಯಾಗುತ್ತವೆ. ತಂಬೂರಿಯ ಬುರುಡೆ ಅದೇ. ಮೆತ್ತಗಾಗುವುದನ್ನೂ ಗಟ್ಟಿಯಾಗುವುದನ್ನೂ ಭಗವಂತ ಒಂದೇ ಹೂವಿಗೆ ಕೊಟ್ಟಿದ್ದಾನೆ. ಒಂದೊಂದಕ್ಕೂ ಅದರದರ ಹೊತ್ತು ಇಟ್ಟಿದ್ದಾನೆ. ಯಾರೂ ಬಾರದೆ ಹೊತ್ತು ಮೀರಿದರೆ ಲೋಳೆ ಆರುತ್ತದೆ, ಗೋಡೆ ಕುಗ್ಗಿ ದಾರಿ ಮುಚ್ಚುತ್ತದೆ. ಆಮೇಲೆ ಯಾವ ಪರಾಗಕ್ಕೂ ಒಳಗೆ ಜಾಗವಿಲ್ಲ.”

ತಂಗಿ ಹೋದಳು. ರಾತ್ರಿಯೆಲ್ಲ ಮೊಗ್ಗು ದಾರದೊಳಗೇ ಇತ್ತು. ಮರುದಿನ ಬಿಸಿಲು ಜೋರಾಗಿತ್ತು. ರೈತ ಹಿರಿಯರ ಮನೆಗಳಿಗೆ ಹೋಗಿ ಕರೆಯುವುದರಲ್ಲಿ, ಜಗಲಿಗೆ ಕಂಬಳಿ ಹಾಸುವುದರಲ್ಲಿ ಹಗಲು ಕಳೆದ.

ಸಂಜೆ ಅವಳು ಬಂದಳು. ತನ್ನ ಬಳ್ಳಿಯಲ್ಲಿ ಉಳಿದಿದ್ದ ಕೊನೆಯ ಗಂಡು ಹೂ ತಂದಿದ್ದಳು. ನಾಲ್ಕು ಜನರ ಮುಂದೆ ಕೈ ಮುಗಿದು ತಪ್ಪಾಯಿತು ಎಂದಳು. ಹಿರಿಯರು ತಲೆದೂಗಿದರು. ರೈತನೂ ತಲೆದೂಗಿದ. ತಂಗಿಯ ಕೈಯಿಂದ ಹೂ ತೆಗೆದುಕೊಂಡು, ಎಲ್ಲರನ್ನೂ ಕರೆದುಕೊಂಡು ಬಳ್ಳಿಯ ಬಳಿ ಹೋಗಿ ದಾರ ಬಿಚ್ಚಿದ.

ಒಳಗೆ ದಳಗಳು ಒದ್ದೆ ಕಾಗದದಂತೆ ಮುದ್ದೆಯಾಗಿದ್ದವು. ನಡುವಿನ ತುದಿ ಕಂದುಬಣ್ಣಕ್ಕೆ ತಿರುಗಿ ಒಣಗಿತ್ತು. ರೈತ ಪರಾಗ ಸವರಿದ. ಮತ್ತೆ ಸವರಿದ. ಪುಡಿ ಅಂಟದೆ ಅವನ ಬೆರಳಿನ ಮೇಲೆಯೇ ಉಳಿಯಿತು. ಹಿಂದಿನ ಕಾಯಿಯನ್ನು ಮುಟ್ಟಿ ನೋಡಿದ. ಅದು ಹಳದಿಯಾಗಿತ್ತು. ಮುಟ್ಟಿದ್ದಕ್ಕೇ ಕಳಚಿ ಕೈಗೆ ಬಂತು.

ತಂಗಿ ಅಂದಳು, “ಇದಕ್ಕೆ ಯಾರ ಕೈಲಿ ತಪ್ಪಾಯಿತು ಅನ್ನಿಸ್ತೀಯ ಅಣ್ಣಾ?”

ಮರುವರ್ಷ ಅವನು ಬೇಲಿಯ ಕಾಡು ಸೋರೆಯ ಬೀಜ ಬಿತ್ತಿದ. ಬುರುಡೆ ಬಂತು. ಭಜನೆಯವರು ಬಂದರು, ಬೆರಳಿನಿಂದ ತಟ್ಟಿ ನೋಡಿದರು, ನೀರು ಕುಡಿದು ಹೊರಟುಹೋದರು.

ಕತೆ ಮುಗಿಯಿತು. ಗುರುಗಳು ಬುಟ್ಟಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಸಾತಪ್ಪ ಹೇಳಿದ: “ಅವನದು ಗರ್ವ, ಗುರುಗಳೇ. ನನ್ನದು ಹಾಗಲ್ಲ. ಸಿಟ್ಟು ಇಟ್ಟುಕೊಂಡು ಅಪ್ಪನ ಮುಂದೆ ನಿಂತರೆ ಅದು ನಟನೆಯಾಗುತ್ತದೆ. ಜಪ ಮಾಡುತ್ತಿದ್ದೇನೆ. ಮನಸ್ಸು ಶುದ್ಧವಾದ ದಿನ ನಾನೇ ಹೋಗುತ್ತೇನೆ.”

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು. ದನಿ ಏರಲಿಲ್ಲ.

“ನೀನು ಶುದ್ಧನಾಗುವ ತನಕ ಸಾಯದೆ ಕಾಯುವುದಕ್ಕೆ ನಿನ್ನಪ್ಪ ದೇವರೇನಪ್ಪಾ?”