ದೊಡ್ಡಿಗೆ ಬಿದ್ದ ಕೊಲೆಗಾರ

ನಾಗಗಿರಿಯ ಇಮ್ಮಡಿ ಹಿರಿಯಪ್ಪ ನಾಯಕರಿಗೆ ಸಿಟ್ಟು ಬಂದಾಗಲೆಲ್ಲ ಒಂದು ಹೊಸ ಕಾನೂನು ಹುಟ್ಟುತ್ತಿತ್ತು. ಆ ದಿನ ಬಂದ ಸಿಟ್ಟು ಮಾತ್ರ ನ್ಯಾಯವಾದದ್ದೇ. ದಡಿಗನೆಂಬ ಪಾಪಿ ಹೆದ್ದಾರಿಯ ಅರವಟ್ಟಿಗೆಯಲ್ಲಿ ಕೂತು, ಬಾಯಾರಿ ಬಂದ ದಾರಿಹೋಕರಿಗೆ ವಿಷದ ಮಜ್ಜಿಗೆ ಕುಡಿಸಿ, ಏಳು ಜನರನ್ನು ಕೊಂದು ಗಂಟು ದೋಚಿದ್ದ.

“ಇವನು ಮನುಷ್ಯನೇ ಅಲ್ಲ, ಮೃಗ!” ಎಂದು ನಾಯಕರು ಓಲಗದಲ್ಲಿ ಗುಡುಗಿದರು. “ವಿಚಾರಣೆ ಇಲ್ಲ, ಅನ್ನ ಇಲ್ಲ, ನೀರಿಲ್ಲ. ಪಾಳುಬಾವಿಗೆ ತಳ್ಳಿ ಮೇಲೆ ಚಪ್ಪಡಿ ಎಳೆಯಿರಿ. ಐವತ್ತಾರು ದೇಶದಲ್ಲಿ ಯಾವ ದೊರೆಯೂ ಇಂಥ ತೀರ್ಪು ಕೊಟ್ಟಿರಲಾರ! ಇವನ ಪರವಾಗಿ ಯಾರಾದರೂ ತುಟಿ ಪಿಟಿಕ್ಕೆಂದರೆ ಅವರೂ ಅದೇ ಬಾವಿಗೆ.”

ಸಭೆಯವರೆಲ್ಲ ತಂತಮ್ಮ ಕಾಲಿನ ಬೆರಳು ನೋಡಿಕೊಂಡರು.

ಆಸ್ಥಾನದ ವಿದೂಷಕ ಓಬಳಯ್ಯನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಸತ್ತ ಏಳು ಜನರಲ್ಲಿ ಒಬ್ಬ ಅವನ ತಂಗಿ ಚೆನ್ನಾಜಮ್ಮನ ಗಂಡ. ದಡಿಗನ ಹೆಸರು ಕೇಳಿದರೆ ಅವನ ರಕ್ತ ಕುದಿಯುತ್ತಿತ್ತು. ಆದರೆ ತಂಗಿ ಬೆಳಿಗ್ಗೆ ಕೈ ಹಿಡಿದು ಅತ್ತಿದ್ದಳು. “ಅಣ್ಣಾ, ಅವ್ನು ನನ್ ಎದುರಿಗೆ ನಿಲ್ಬೇಕು. ನೀರು ಕೇಳ್ದೋರನ್ನ ಯಾಕೋ ಕೊಂದೆ ಅಂತ ನಾನು ಕೇಳ್ಬೇಕು. ಅಷ್ಟು ಮಾಡ್ಸು, ಸಾಕು.” ಬಾವಿಗೆ ಬಿದ್ದವನು ಯಾರಿಗೆ ಉತ್ತರ ಹೇಳುತ್ತಾನೆ?

ಓಬಳಯ್ಯ ಎದ್ದು ಕೈಮುಗಿದ. “ಬುದ್ಧಿ, ಅವನ ಪರ ಮಾತಾಡುವಷ್ಟು ದಡ್ಡ ನಾನಲ್ಲ. ಮೃಗವೆಂದಿರಿ, ಮೃಗವೇ ಸರಿ. ಆದರೆ ಹೇಳುವವರು ಕೇಳುವವರು ಇಲ್ಲದ ಪ್ರಾಣಿಯನ್ನು ನಮ್ಮಲ್ಲಿ ಬಾವಿಗೆ ತಳ್ಳುವುದಿಲ್ಲ, ದೊಡ್ಡಿಗೆ ಕೂಡುತ್ತೇವೆ. ತಮ್ಮ ತಾತನವರು ಮಾಡಿದ ಕಟ್ಟಳೆ.”

ತಾತನ ಹೆಸರೆತ್ತಿದರೆ ನಾಯಕರು ಬೆಣ್ಣೆ. “ದೊಡ್ಡಿಗೇ ಹಾಕಿ, ಗೂಟಕ್ಕೆ ಕಟ್ಟಿ! ಅದು ಇನ್ನೂ ದೊಡ್ಡ ಅವಮಾನ.”

ದಡಿಗನನ್ನು ಬೀಡಾಡಿ ದನಗಳ ನಡುವೆ ಕಟ್ಟಿದರು. ದೊಡ್ಡಿ ಕಾಯುವ ಮಾರ ಕಟ್ಟಳೆ ಬಿಟ್ಟು ಕದಲುವ ಆಸಾಮಿಯಲ್ಲ. ಎಲ್ಲ ದನಕ್ಕೂ ಹಾಕಿದಂತೆ ಅವನ ಮುಂದೆಯೂ ಒಂದು ಹೊರೆ ಹುಲ್ಲು ಹಾಕಿ, ಬಾನಿಯಲ್ಲಿ ಕಲಗಚ್ಚು ಇಟ್ಟ. “ಹುಲ್ಲು ಒಗ್ಗದಿದ್ರೆ ಹಿಂಡಿ ಐತೆ,” ಎಂದು ಮರ್ಯಾದೆಯಿಂದಲೇ ಹೇಳಿದ. ದಡಿಗ ಕಲಗಚ್ಚು ಕುಡಿದು ಜೀವ ಹಿಡಿದುಕೊಂಡ.

ನಾಲ್ಕನೆಯ ದಿನ ಓಬಳಯ್ಯ ಮತ್ತೆ ಓಲಗದಲ್ಲಿ ಎದ್ದು ನಿಂತ.

“ಬುದ್ಧಿ, ಮೂರು ದಿನವಾದರೂ ದೊಡ್ಡಿಯ ಪ್ರಾಣಿಯನ್ನು ಬಿಡಿಸಿಕೊಳ್ಳಲು ಯಾರೂ ಬಂದಿಲ್ಲ. ಅದೀಗ ಯಾರದು?”

“ಅರಮನೆಯದು. ಅದರಲ್ಲೇನು ಅನುಮಾನ?”

“ಒಂದು ಹೋರಿ ಮನುಷ್ಯನನ್ನು ತಿವಿದು ಕೊಂದಿದ್ದರೆ?”

ನಾಯಕರು ಮೀಸೆ ತೀಡಿದರು. ತಾತನ ಕಟ್ಟಳೆಗಳೆಲ್ಲ ಅವರಿಗೆ ಬಾಯಿಪಾಠ. “ಹೋರಿಯ ಒಡೆಯ ಚಾವಡಿಯಲ್ಲಿ ರುಮಾಲು ತೆಗೆದು ನಿಂತು, ಸತ್ತವರ ಕಡೆಯವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಹೋರಿ ನಿನ್ನೆ ಕೈಸೇರಿದ್ದಾದರೂ ಅಷ್ಟೇ, ಪ್ರಾಣಿ ಪಡೆದವನಿಗೆ ಅದರ ಹಳೆಯ ತಂಟೆಯೂ ಸೇರಿತು. ಹೋರಿಯನ್ನು ಕೇಳಿ ಏನು ಪ್ರಯೋಜನ? ಅದಕ್ಕೇನು ಗೊತ್ತಾಗುತ್ತದೆ?”

ಓಬಳಯ್ಯನ ಮುಖದ ಒಂದು ಗೆರೆಯೂ ಅಲುಗಲಿಲ್ಲ. “ಚಾವಡಿ ಗುಡಿಸಿಟ್ಟಿದೆ. ಏಳು ಮನೆಯವರೂ ಬಂದು ಕೂತಿದ್ದಾರೆ. ತಾವು ರುಮಾಲು ತೆಗೆದು ದಯಮಾಡಿಸಬೇಕು.”

ನಾಯಕರ ಎರಡೂ ಕೈ ರುಮಾಲಿನ ಮೇಲೆ ಹೋದವು. “ನಾನೇ? ವಿಷ ಬೆರೆಸಿದವನು ದಡಿಗ! ತಪ್ಪು ಅವನದು, ಉತ್ತರ ಹೇಳಬೇಕಾದವನೂ ಅವನೇ!”

“ಅದು ಹೇಗಾಗುತ್ತದೆ ಬುದ್ಧಿ? ತಪ್ಪು ಮಾಡಬೇಕಾದರೆ ಮನುಷ್ಯನಾಗಿರಬೇಕು. ಹೋರಿ ತಿವಿಯುತ್ತದೆ ಅಷ್ಟೇ, ತಪ್ಪು ಮಾಡುವುದಿಲ್ಲ.”

ನಾಯಕರು ರುಮಾಲನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. ಆಮೇಲೆ ಹೇಳಿದರು: “ಮಾರನಿಗೆ ಹೇಳಿ, ಹಗ್ಗ ಬಿಚ್ಚಲಿ. ಮೈ ತೊಳೆಸಿ, ಗಂಜಿ ಕೊಟ್ಟು, ಚಾವಡಿಗೆ ಕರೆತನ್ನಿ. ಅವನು ಮನುಷ್ಯನೇ.”

ವಿಚಾರಣೆ ನಡೆಯಿತು. ದೊಡ್ಡಿಯಲ್ಲಿ ಮೂರು ದಿನ ಸೆಟೆದುಕೊಂಡಿದ್ದ ದಡಿಗ ಚೆನ್ನಾಜಮ್ಮನ ಒಂದೇ ಪ್ರಶ್ನೆಗೆ ಕುಸಿದುಹೋದ. “ಗಂಟಿನಾಸೆ, ತಾಯಿ,” ಎಂದು ನೆಲಕ್ಕೆ ಹಣೆ ಹಚ್ಚಿದ. ಅವಳು ಅವನನ್ನು ಕ್ಷಮಿಸಲಿಲ್ಲ. ಆದರೆ ಕೇಳಬೇಕಾದ್ದನ್ನು ಕೇಳಿದ್ದಳು, ಅದೊಂದು ಸಮಾಧಾನ. ದಡಿಗನಿಗೆ ಸಾಯುವ ತನಕ ಸೆರೆ, ಕೋಟೆಗೆ ಕಲ್ಲು ಹೊರುವ ಕೆಲಸ, ಎರಡು ಹೊತ್ತು ಗಂಜಿ ಎಂದು ತೀರ್ಪಾಯಿತು.

ಎಲ್ಲರೂ ಹೋದ ಮೇಲೆ ನಾಯಕರು ಓಬಳಯ್ಯನನ್ನು ಕರೆದು ಹೆಗಲಿಗೆ ಶಾಲು ಹೊದಿಸಿದರು. “ಅಲ್ಲಯ್ಯ, ಸ್ವಂತ ತಂಗಿಯ ತಾಳಿ ಕಿತ್ತವನಿಗೆ ಗಂಜಿ ಕೊಡಿಸಿದೆಯಲ್ಲ! ಆ ಪಾಪಿಯ ಮೇಲೆ ನಿನಗೆ ಇಷ್ಟು ಕರುಣೆಯೆ?”

“ಕರುಣೆ ತೋರಿಸಿದವರು ತಾವು, ಬುದ್ಧಿ,” ಎಂದ ಓಬಳಯ್ಯ. “ಮೃಗವೆಂದು ಅವನ ತಪ್ಪನ್ನೆಲ್ಲ ಮಾಫಿ ಮಾಡಿಬಿಟ್ಟಿದ್ದಿರಿ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.”